ಗೌರವಸ್ಥರಿಗೆ ಮಾತ್ರ ಬಾಡಿಗೆಗೆ

ಕೋಟೆ ಬೀದಿಯ ಶೆಟ್ಟರ ಮನೆ ಬಾಡಿಗೆಗೆ ಇದೆ. ಅದರ ಬೋರ್ಡು ಬರೆದವನು ನಾನೇ. ಓದಿದವರೆಲ್ಲ ಹೊಗಳಿದರು, ಒಬ್ಬರನ್ನು ಬಿಟ್ಟು.

ವಾರಕ್ಕೊಮ್ಮೆ ಪತ್ರಿಕೆಯಲ್ಲಿ ನಿಮ್ಮ ತಲೆ ತಿನ್ನುವವನು ಅಂದಮೇಲೆ ರಾಯದುರ್ಗದಲ್ಲಿ ನನಗೆ ಇಂಥ ಕೆಲಸ ತಪ್ಪಿದ್ದಲ್ಲ. ಮದರಾಸು ಸರ್ಕಾರಕ್ಕೆ ಹೋಗುವ ಅರ್ಜಿ, ಲಗ್ನಪತ್ರಿಕೆ, ಈಗ ಮನೆಯ ವರ್ಣನೆ. ಕಿಟಕಿಗಳಿಗೆ ಕದವಿಲ್ಲ; 'ಗಾಳಿ ಬೆಳಕು ಧಾರಾಳ' ಎಂದು ಬರೆದೆ. ಬೆನ್ನಿಗೇ ಬೆಟ್ಟ, ಬೇಸಿಗೆಯಲ್ಲಿ ಬಂಡೆಯ ಕಾವಿಗೆ ಗೋಡೆ ಮುಟ್ಟುವ ಹಾಗಿಲ್ಲ. 'ಕೋಟೆಯ ಭವ್ಯ ನೋಟ' ಎಂದೆ. ಬಾವಿ ಸಂಕ್ರಾಂತಿಗೆಲ್ಲ ಬತ್ತುತ್ತದೆ. 'ಸ್ವಂತ ಬಾವಿ' ಎಂದೆ. (ಸುಳ್ಳೇನಲ್ಲ. ಬಾವಿ ಸ್ವಂತದ್ದೇ. ನೀರಿನ ಮಾತು ಯಾರು ಆಡಿದರು?)

ಕೊನೆಯ ಸಾಲಿಗೆ ಬಂದಾಗ ಶೆಟ್ಟರು ಗಂಟಲು ಸರಿಮಾಡಿಕೊಂಡರು.

"ಇಂಥಾ ಜಾತಿಯೋರಿಗೆ ಅಂತ ಬರೀಬ್ಯಾಡ್ರಿ. ನಮ್ಮ ಅರಿವಿ ಅಂಗಡಿಗೆ ಎಲ್ಲಾರೂ ಬರ್ತಾರ. ಆದ್ರ ಓದಿದೋರಿಗೆ ತಿಳೀಬೇಕು, ನೋಡ್ರಿ."

ನನಗೆ ಹುರುಪು ಬಂತು. 'ಗೌರವಸ್ಥ ಸಂಸಾರಕ್ಕೆ ಮಾತ್ರ' ಎಂದು ಬರೆದೆ. ಶೆಟ್ಟರು "ಶಹಬ್ಬಾಸ್!" ಎಂದು ಬೆನ್ನು ತಟ್ಟಿದರು. ನಾನೂ ಉಬ್ಬಿಹೋದೆ.

ಮರುದಿನ ಬೋರ್ಡಿನ ಮುಂದೆ ಮೇರಮ್ಮ ನಿಂತಿದ್ದರು. ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ನರ್ಸಮ್ಮ. ಗಂಡನಿಲ್ಲ, ಮುದಿ ತಾಯಿ ಜೊತೆಗಿದ್ದಾರೆ. ಇದ್ದ ಬಾಡಿಗೆ ಮನೆಯ ಮಾಳಿಗೆ ಕುಸಿದು ಇಬ್ಬರೂ ಆಸ್ಪತ್ರೆಯ ವರಾಂಡದಲ್ಲಿ ಮಲಗುತ್ತಿದ್ದರು. ಮನೆ ಸಿಗದಿದ್ದರೆ ಮಡಕಶಿರಾಕ್ಕೆ ವರ್ಗ ಕೇಳುತ್ತಾರೆ ಎಂದು ಊರಿಗೆಲ್ಲ ಗೊತ್ತಿತ್ತು.

"ಈ ಬೀದಿಯಾಗ ನನ್ನ ಕೈಯಾಗ ಹುಟ್ಟಿದ ಕೂಸು ಎಷ್ಟದಾವ್ರಿ?" ಎಂದು ನನ್ನನ್ನೇ ಕೇಳಿದರು.

"ಭಾಳ ಅದಾವ್ರಿ." (ನನ್ನ ಮಗಳೂ ಅದರಲ್ಲೊಂದು.)

"ಶೆಟ್ಟರ ಮೊಮ್ಮಗ?"

"ಅವನೂ ಹೌದ್ರಿ."

"ಹಿತ್ತಲ ಬಾಗಿಲಿಂದ ಕರಕೊಂಡು ಹೋದ್ರು, ಹಿತ್ತಲ ಬಾಗಿಲಿಂದನ ಕಳಿಸಿದ್ರು. ನಾ ಏನೂ ಅನ್ಲಿಲ್ಲ. ಈಗ ನೀವ ಹೇಳ್ರಿ, ನಾ ಗೌರವಸ್ಥಳೋ, ಅಲ್ಲೋ?"

ಅದು ಶೆಟ್ಟರ ಷರತ್ತು, ನಾನು ಬರೀ ಬರೆದುಕೊಟ್ಟವನು ಎಂದು ತೊದಲಿದೆ.

"ಶೆಟ್ಟರು ಮನಸಿನಾಗ ಇಟ್ಕೊಂಡಿದ್ರು. ಚಂದ ಮಾಡಿ ಬರೆದೋರು ನೀವು" ಎಂದವರೇ ಛತ್ರಿ ಬಿಚ್ಚಿ ಹೊರಟುಬಿಟ್ಟರು. ಆ ಮಾತು ಇನ್ನೂ ಮೈಗೆ ಹತ್ತಿಕೊಂಡಿದೆ.

ಶೆಟ್ಟರ ಬಟ್ಟೆ ಅಂಗಡಿಗೆ ಓಡಿದೆ. ಕೊನೆಯ ಸಾಲು ಅಳಿಸಿಬಿಡೋಣ ಎಂದೆ.

"ಅಳಿಸಿದ್ರ ಯಾರು ಬೇಕಾದೋರು ಬರ್ತಾರಲ್ರಿ!" ಎಂದರು ಗಾಬರಿಯಿಂದ.

ಬರಲಿ ಎಂದೇ ಅಲ್ಲವೇ ಬೋರ್ಡು ಹಾಕುವುದು? ಹೀಗೆ ಕೇಳಬೇಕಿತ್ತು. ಕೇಳಲಿಲ್ಲ. ಪತ್ರಿಕೆಯಲ್ಲಿ ನಾನು ಹುಲಿ, ಶೆಟ್ಟರ ಗದ್ದುಗೆಯ ಮುಂದೆ ಇಲಿ.

ಹೋದ ವಾರ ಮೇರಮ್ಮ ತಾಯಿಯನ್ನೂ ಎರಡು ಟ್ರಂಕುಗಳನ್ನೂ ಬಸ್ಸಿಗೆ ಹತ್ತಿಸಿಕೊಂಡು ಮಡಕಶಿರಾಕ್ಕೆ ಹೋದರು. ಆಸ್ಪತ್ರೆಯಲ್ಲಿ ಅವರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಶೆಟ್ಟರ ಮನೆಯೂ ಖಾಲಿಯೇ ಇದೆ. ಗೌರವಸ್ಥರು ಬರುತ್ತಾರೆ, ಬಾವಿಯಲ್ಲಿ ಇಣುಕುತ್ತಾರೆ, ವಾಪಸು ಹೋಗುತ್ತಾರೆ.

ನನ್ನ ಹೆಂಡತಿಗೆ ಈಗ ಏಳು ತಿಂಗಳು. ನಿನ್ನೆ ಮುದ್ದೆ ಬಡಿಸುತ್ತ ಕೇಳಿದಳು:

"ಏನ್ರಿ, ಮಡಕಶಿರಾ ಇಲ್ಲಿಂದ ಎಷ್ಟು ದೂರ ಆಗ್ತೈತ್ರಿ?"