ಧೂಳಿಗೆ ಬೆಲ್ಲ

ಕಲ್ಲು ಕ್ವಾರಿಯಲ್ಲಿ ಅವಳಿಗೆ ಗಟ್ಟಿಗಿತ್ತಿ ಎಂಬ ಹೆಸರು ಇಟ್ಟವನು ಮೇಸ್ತ್ರಿ. ಜಲ್ಲಿ ಅಳೆಯುವಾಗ ಅವನಿಗೊಂದು ಚಾಳಿ. ತುಂಬಿದ ಬುಟ್ಟಿಯನ್ನು ಕಾಲಿನಿಂದ ಒದ್ದು ಕುಲುಕುವುದು, ಜಲ್ಲಿ ಕೆಳಗಿಳಿದ ಮೇಲೆ "ಇನ್ನೂ ತುಂಬಿಲ್ಲ" ಎನ್ನುವುದು. ಎಲ್ಲ ಹೆಂಗಸರೂ ಶಾಪ ನುಂಗಿಕೊಂಡು ಇನ್ನೊಂದು ಬೊಗಸೆ ಸುರಿಯುತ್ತಿದ್ದರು. ಇವಳು ಒಂದು ದಿನ ಬುಟ್ಟಿಯ ಮೇಲೆ ಕುಂಡಿಯೂರಿ ಕೂತು, "ಈಗ ಒದಿ. ಜಲ್ಲಿ ಇಳಿಯುತ್ತೋ ನಾನಿಳೀತೀನೋ ನೋಡೇಬಿಡೋಣ" ಅಂದಳು. ಸುತ್ತಲಿನವರು ನಕ್ಕರು. ಮೇಸ್ತ್ರಿಗೂ ನಗದೆ ವಿಧಿಯಿರಲಿಲ್ಲ. "ಗಟ್ಟಿಗಿತ್ತಿ ಕಣಮ್ಮ ನೀನು" ಅಂದ. ಹೆಸರು ಉಳಿಯಿತು. ಒದೆಯುವುದೂ ಉಳಿಯಿತು, ಬೇರೆಯವರ ಬುಟ್ಟಿಗೆ.

ಕ್ವಾರಿಯ ಬೆನ್ನಿಗೇ ಒಂದು ಸಾಲು ಮನೆ. ಮನೆ ಎಂದರೆ ಒಂದೇ ಕೋಣೆ. ಒಡೆದು ಮಿಕ್ಕ ಕಲ್ಲುಚೂರುಗಳನ್ನು ಪೇರಿಸಿದ ಗೋಡೆ, ಮೇಲೆ ತಗಡು, ಬಾಗಿಲಿನ ಜಾಗಕ್ಕೆ ಗೋಣಿಚೀಲ. ಆ ಮನೆಗಳ ಯಜಮಾನ ಧೂಳು. ಎಲ್ಲರಿಗಿಂತ ಮೊದಲು ತಟ್ಟೆಗೆ ಕೈ ಹಾಕುವವನು ಅವನೇ, ಎಲ್ಲರ ಹಾಸಿಗೆಯಲ್ಲೂ ಮಲಗುವವನು ಅವನೇ. ಅಲ್ಲಿ ಹೆಣ್ಣುಮಕ್ಕಳಿಗೆ ಮದುವೆಗೆ ಮೊದಲೇ ರೆಪ್ಪೆ ನರೆತಿರುತ್ತದೆ. ಒಂದು ಕೋಣೆಯಲ್ಲಿ ಗಟ್ಟಿಗಿತ್ತಿ, ಅವಳ ಗಂಡ, ಅವನ ತಾಯಿ, ಒಬ್ಬಳು ಮಗಳು.

ಗಂಡ ಬಂಡೆ ಸೀಳುವವನು. ಬಂಡೆಯ ಮೈಮೇಲೆ ಸಾಲಾಗಿ ತೂತು ಕೊರೆದು, ಕಬ್ಬಿಣದ ಬೆಣೆ ಇಳಿಸಿ, ಒಂದೊಂದಕ್ಕೂ ಸರದಿಯಂತೆ ಹೊಡೆಯಬೇಕು. ಬಂಡೆ ಕೊನೆಗೊಮ್ಮೆ ನರಳಿ ಬಾಯಿಬಿಡುತ್ತದೆ. ನೋಡುವವರಿಗೆ ಸುತ್ತಿಗೆಯೇ ಕಷ್ಟ ಎನಿಸುತ್ತದೆ. ನಿಜವಾದ ಕಷ್ಟ ಬೇರೆ. ತೂತು ಆಳವಾದಂತೆ ಒಳಗೆ ಪುಡಿ ತುಂಬಿಕೊಳ್ಳುತ್ತದೆ. ಅದನ್ನು ತೆಗೆಯಲು ಒಂದು ಸಣ್ಣ ಕೊಳವೆ ಇಳಿಸಿ ಬಾಯಿಂದ ಊದಬೇಕು. ಊದಿದ ಪುಡಿಗೆ ಹೋಗಲು ಬೇರೆ ದಾರಿಯಿಲ್ಲ, ಊದಿದವನ ಮುಖಕ್ಕೇ ಬರುತ್ತದೆ. ಊದುವುದಕ್ಕೆ ಬಿಟ್ಟ ಉಸಿರನ್ನು ವಾಪಸ್ಸು ಎಳೆದುಕೊಳ್ಳುವ ಹೊತ್ತಿಗೆ ಸರಿಯಾಗಿ ಬರುತ್ತದೆ. ಅವನ ಅಪ್ಪನೂ ಹಾಗೇ ಊದಿ ಊದಿ, ನಲವತ್ತು ತುಂಬುವ ಮೊದಲು ಬಂಡೆಯ ಬುಡದಲ್ಲೇ ಕುಸಿದು ಸತ್ತಿದ್ದ.

ಇದಕ್ಕೆ ಮದ್ದು ಏನು ಅಂತ ಕ್ವಾರಿಯಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ: ಬೆಲ್ಲ. ಧೂಳು ಕುಡಿದವನು ಸಂಜೆ ಒಂದು ಹಿಡಿ ಬೆಲ್ಲ ತಿನ್ನಬೇಕು. ಬೆಲ್ಲದ ಅಂಟಿಗೆ ಧೂಳು ಹತ್ತಿಕೊಂಡು ಹೊಟ್ಟೆಗಿಳಿದು ಬೆಳಿಗ್ಗೆ ಹೊರಗೆ ಹೋಗುತ್ತದೆ. ಅಜ್ಜಂದಿರು ಹೇಳಿದ್ದು, ಮೇಸ್ತ್ರಿ ಹೇಳಿದ್ದು, ಮಾಲೀಕ ಹೇಳಿದ್ದು. ಮಾಲೀಕನಿಗಂತೂ ಅದಕ್ಕಿಂತ ಅಗ್ಗದ ವೈದ್ಯ ಸಿಗುವಂತಿರಲಿಲ್ಲ. ನಮ್ಮ ಕೂಲಿಕಾರರ ಸಂಘ ಕಟ್ಟಿದ ಮೊದಲ ವರ್ಷದ ಮುಷ್ಕರದಲ್ಲಿ ಕೂಲಿ ಏರಲಿಲ್ಲ, ಸಂಜೆಯ ಬೆಲ್ಲದ ಉಂಡೆ ಮಾತ್ರ ನಿಂಬೆಯ ಗಾತ್ರದಿಂದ ಮೊಟ್ಟೆಯ ಗಾತ್ರಕ್ಕೆ ಏರಿತು. ಅಂದು ಎಲ್ಲರೂ ಕುಣಿದಿದ್ದೆವು.

ಆಮೇಲೆ ದುಡ್ಡು ಬರತೊಡಗಿತು. ಬಡವರ ಮನೆಯ ಹೆಂಗಸಿನ ಹೆಸರಿಗೆ ತಿಂಗಳಿಗೊಮ್ಮೆ ಇಷ್ಟು ಅಂತ ಸರ್ಕಾರ ನೇರ ಬ್ಯಾಂಕಿಗೆ ಹಾಕುವುದು, ಯಾಕೆ ಖರ್ಚು ಮಾಡಿದೆ ಎಂದು ಕೇಳದಿರುವುದು. ನಡುವೆ ಮೇಸ್ತ್ರಿಯಿಲ್ಲ, ಮುಖಂಡನಿಲ್ಲ, ಬುಟ್ಟಿ ಒದೆಯುವವರಿಲ್ಲ. ಮಾಲೀಕ ಆಫೀಸಿನಲ್ಲಿ ಕೂತು, "ಇನ್ನು ಈ ಜನ ಸೋಮಾರಿಗಳಾಗ್ತಾರೆ" ಅಂತ ನಿಟ್ಟುಸಿರುಬಿಟ್ಟ. ಬಿಸಿಲಲ್ಲಿ ಬಂಡೆ ಒಡೆಯುವವರ ಸೋಮಾರಿತನದ ಚಿಂತೆ ಯಾವಾಗಲೂ ಫ್ಯಾನಿನ ಕೆಳಗೆ ಕೂತವರಿಗೇ ಹತ್ತುತ್ತದೆ.

ಸಂಘದೊಳಗೂ ತಕರಾರು ಎದ್ದಿತು. ನಮ್ಮ ಕಾರ್ಯದರ್ಶಿ ಭಾಷಣದ ದನಿಯಲ್ಲಿ, "ಇದು ಭಿಕ್ಷೆ. ನಮ್ಮ ಬಾಯಿ ಮುಚ್ಚಿಸೋ ಹುನ್ನಾರ" ಅಂದರು.

ಗಟ್ಟಿಗಿತ್ತಿ ಕೂತಲ್ಲಿಂದಲೇ ಹೇಳಿದಳು: "ಮುಚ್ಚಿಸೋಕಾದ್ರೂ ಬಾಯಿಗೆ ಒಂದು ತುತ್ತು ಬೀಳಲಿ ಬಿಡಣ್ಣ. ಉಪವಾಸದ ಬಾಯಿಂದ ಇಷ್ಟು ವರ್ಷ ಕೂಗಿ ನೋಡಿದ್ವಲ್ಲ, ಯಾರಿಗೆ ಕೇಳಿಸ್ತು?"

ಕಾರ್ಯದರ್ಶಿ ಚಹಾ ತರಿಸಿದರು. ಚರ್ಚೆ ಅಲ್ಲಿಗೆ ಮುಗಿಯಿತು.

ಆ ಹೊತ್ತಿಗೆ ಅವಳ ಗಂಡನಿಗೆ ಕೆಮ್ಮು ಗಟ್ಟಿಯಾಗಿತ್ತು. ನೀರಿನ ಕೊಡ ಎತ್ತಿದರೆ ಏದುಸಿರು. ಅವಳ ತಲೆಯಲ್ಲಿ ಬೇರೆ ಯಾವ ಯೋಚನೆಯೂ ಇರಲಿಲ್ಲ, ಈ ಗಂಡಸು ಬದುಕಬೇಕು, ಅಷ್ಟೆ. ಮೊದಲ ತಿಂಗಳ ದುಡ್ಡು ತಂದವಳು ನೇರ ಸಂತೆಗೆ ಹೋಗಿ ಬೆಲ್ಲದ ಅಚ್ಚುಗಳನ್ನು ಗೋಣಿಯಲ್ಲಿ ಹೊತ್ತು ತಂದಳು.

ಅತ್ತೆ ಗೋಣಿಯ ಬಾಯಿ ಬಿಚ್ಚಿ ಒಂದು ಅಚ್ಚನ್ನು ಎತ್ತಿ ಮೂಸಿ ನೋಡಿದಳು. ಆಮೇಲೆ ಹೇಳಿದಳು: "ನಿಮ್ಮ ಮಾವನಿಗೆ ಇಷ್ಟು ಸಿಕ್ಕಿದ್ರೆ ಉಳ್ಕೊಳ್ತಿದ್ರು ಕಣೇ. ಇದ್ದ ಒಂದು ಉಂಡೇನೂ ಮಕ್ಕಳ ಬಾಯಿಗೇ ಇಡೋರು. ಬೆಲ್ಲ ಸಾಲದೇ ಹೋದ್ರು."

ಮುದುಕಿ ಇಪ್ಪತ್ತು ವರ್ಷ ಹಾಗೇ ನಂಬಿ ಬದುಕಿದ್ದಳು. ಬೆಲ್ಲ ಸಾಲಲಿಲ್ಲ. ಈಗ ಮಗನಿಗೆ ಸಾಲದಾಗುವುದಿಲ್ಲ. ಬೆಳಿಗ್ಗೆ ಬೆಲ್ಲ, ಸಂಜೆ ಬೆಲ್ಲ, ಬಿಸಿನೀರಿಗೆ ಬೆಲ್ಲ. ಅವನು ಒಗ್ಗರಣೆ ಸಿಡಿದ ಹಾಗೆ ಗೊಣಗುತ್ತಿದ್ದ: "ಇನ್ನು ಸ್ವಲ್ಪ ದಿನಕ್ಕೆ ನನಗೇ ಇರುವೆ ಹತ್ತುತ್ತೆ." ತಿನ್ನುತ್ತಿದ್ದ, ಮತ್ತೆ ಹೋಗಿ ತೂತು ಊದುತ್ತಿದ್ದ.

ಬೆಲ್ಲ ಕೊಂಡೂ ಮಿಕ್ಕ ದುಡ್ಡಿನಲ್ಲಿ ಮನೆ ಸ್ವಲ್ಪ ಸ್ವಲ್ಪವೇ ಮನೆಯಾಯಿತು. ಗೋಣಿಚೀಲ ಹೋಗಿ ಮರದ ಬಾಗಿಲು ಬಂತು. ಮುಚ್ಚಿದರೆ ಮುಚ್ಚಿಕೊಳ್ಳುವ ಬಾಗಿಲು ಆ ಸಾಲಿನಲ್ಲಿ ಅದೇ ಮೊದಲು. ಅಕ್ಕಪಕ್ಕದವರು ಬಂದು ತೆಗೆದು ಹಾಕಿ, ತೆಗೆದು ಹಾಕಿ, ಮೊದಲ ದಿನವೇ ಕೀಲು ಕಿರುಗುಟ್ಟುವಂತೆ ಮಾಡಿದರು. ಜಲ್ಲಿ ಕುಟ್ಟುತ್ತಿದ್ದ ಮಗಳು ಮತ್ತೆ ಶಾಲೆಗೆ ಹೋದಳು. ಚಿಕ್ಕ ಮಕ್ಕಳ ನಡುವೆ ತೆಂಗಿನ ಮರದ ಹಾಗೆ ಕೂರುವುದಕ್ಕೆ ನಾಚಿಕೆ ಅಂತ ಎರಡು ದಿನ ಅತ್ತಳು, ಆಮೇಲೆ ಹೋದಳು. ಸಾರಿಗೆ ಎಣ್ಣೆ ಬಿತ್ತು. ಮುದುಕಿಗೆ ಕನ್ನಡಕ ಬಂತು. ಅದನ್ನು ಹಾಕಿಕೊಂಡು ಅವಳು ಮೊದಲು ನೋಡಿದ್ದು ಮಗನ ಮುಖ. "ಇಷ್ಟೊಂದು ಇಳಿದುಹೋಗಿದ್ದೀಯಲ್ಲೋ" ಅಂದಳು.

ಸಾಲುಮನೆಗಳಿಗೆ ಆಗಾಗ ಬರುತ್ತಿದ್ದ ನರ್ಸಮ್ಮ ಒಂದು ದಿನ ಅವನ ಬೆನ್ನಿಗೆ ಕಿವಿಯ ಕೊಳವೆ ಹಚ್ಚಿ ಕೇಳಿದಳು. "ಏನು ಔಷಧಿ ಕೊಡ್ತಿದ್ದೀಯ?" ಎಂದಳು. ಗಟ್ಟಿಗಿತ್ತಿ ಹೆಮ್ಮೆಯಿಂದ ಬೆಲ್ಲದ ಡಬ್ಬಿ ತೋರಿಸಿದಳು.

ನರ್ಸಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತನ್ನ ಕುತ್ತಿಗೆಯ ಮೇಲೆ ಎರಡು ಬೆರಳಿಟ್ಟು ತೋರಿಸಿದಳು: "ನೋಡಕ್ಕ, ತಿನ್ನೋ ದಾರಿ ಬೇರೆ, ಉಸಿರಿನ ದಾರಿ ಬೇರೆ. ಬೆಲ್ಲ ಈ ಕಡೆ ಹೋಗುತ್ತೆ, ಧೂಳು ಆ ಕಡೆ ಹೋಗುತ್ತೆ. ಇವೆರಡೂ ಒಳಗೆ ಎಲ್ಲೂ ಭೇಟಿ ಆಗೋದೇ ಇಲ್ಲ."

ಗಟ್ಟಿಗಿತ್ತಿ ಡಬ್ಬಿಯ ಮುಚ್ಚಳ ಹಾಕಿ ಮೂಲೆಗೆ ಸರಿಸಿದಳಂತೆ. ಅತ್ತೆ ಮಾತ್ರ, "ಆ ಹುಡುಗಿಗೇನು ಗೊತ್ತು, ಕ್ವಾರಿ ಕಂಡಿದ್ದಾಳಾ" ಅಂತ ಒಂದೇ ಸಮ ವಟಗುಟ್ಟುತ್ತಿದ್ದಳು. ಬೆಲ್ಲ ಸುಳ್ಳೆಂದು ಒಪ್ಪಿದರೆ ಇಪ್ಪತ್ತು ವರ್ಷದ ಸಮಾಧಾನವೂ ಸುಳ್ಳಾಗುತ್ತಿತ್ತು.

ಮುಂದಿನ ತಿಂಗಳ ದುಡ್ಡಿನಲ್ಲಿ ಗಂಡನನ್ನು ಬಸ್ಸಿಗೆ ಹತ್ತಿಸಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿಯವರೆಗೆ ಆ ಸಾಲಿನಿಂದ ಯಾರೂ ಹೋದವರಿಲ್ಲ. ಆಸ್ಪತ್ರೆಗೆ ದುಡ್ಡು ಬೇಡದಿರಬಹುದು, ಬಸ್ಸಿಗೆ ಬೇಕು, ಕೆಲಸ ಬಿಟ್ಟ ದಿನದ ಗಂಜಿಗೆ ಬೇಕು. ಡಾಕ್ಟರು ಎದೆಯ ಫೋಟೋವನ್ನು ಬೆಳಕಿಗೆ ಹಿಡಿದರು. ಕಪ್ಪಿರಬೇಕಾದ ಕಡೆಯೆಲ್ಲ ಬಿಳಿ. "ಹೋದದ್ದು ಹೋಯ್ತು, ವಾಪಸ್ ಬರಲ್ಲ. ಇನ್ನು ಧೂಳಿನ ಹತ್ತಿರ ಹೋಗದಿದ್ದರೆ ಸ್ವಲ್ಪ ಕಾಲ ನೆಮ್ಮದಿಯಾಗಿ ಇರಬಹುದು. ನೀನೂ ಅಷ್ಟೆ ತಾಯಿ, ಕಲ್ಲಿಗೆ ನೀರು ಹಾಕಿ ಒಡಿ" ಅಂದರು. ಬಸ್ಸಿನಲ್ಲಿ ಅವಳು ಗಂಡನನ್ನು ಕಿಟಕಿಯ ಪಕ್ಕ ಕೂರಿಸಿದಳು.

ಮರುದಿನ ಬೆಳಿಗ್ಗೆ ಅವನು ಸುತ್ತಿಗೆ ಹೆಗಲಿಗೇರಿಸಿದ. ಅವಳು ಬಾಗಿಲಿಗೆ ಅಡ್ಡ ನಿಂತಳು.

"ಎಲ್ಲಿಗೆ?"

"ಇನ್ನೆಲ್ಲಿಗೆ, ಮಾವನ ಮನೆಗಾ? ಕೆಲಸಕ್ಕೆ."

"ಡಾಕ್ಟರು ಹೇಳಿದ್ದು ಕಿವಿಗೆ ಬಿದ್ದಿಲ್ವಾ?"

"ಹೆಂಡ್ತಿ ದುಡ್ಡಲ್ಲಿ ಕೂತು ತಿನ್ನೋ ಗಂಡಸು ಅಂತ ಅನ್ನಿಸ್ಕೊಳ್ಳೋಕಿಂತ ಬಂಡೆ ಕೆಳಗೆ ಸಾಯೋದು ವಾಸಿ. ದುಡಿಯೋಕೆ ಬಿಡು."

"ದುಡೀಬೇಕು ತಾನೆ? ಸರಿ. ದುಡ್ಡು ಯಾರ ಹೆಸರಲ್ಲಿ ಬರುತ್ತೆ? ನನ್ನ ಹೆಸರಲ್ಲಿ. ಹಾಗಾದ್ರೆ ಸಾಹುಕಾರ್ತಿ ನಾನು. ಇವತ್ತಿಂದ ನಿನ್ನನ್ನ ಕೂಲಿಗೆ ಇಟ್ಕೊಂಡಿದ್ದೀನಿ."

"ಏನು ಕೆಲಸ?"

"ಉಸಿರಾಡೋದು. ಬೆಳಿಗ್ಗೆಯಿಂದ ಸಂಜೆವರೆಗೆ. ಕಳ್ಳಾಟ ಆಡಿದ್ರೆ ಕೂಲಿ ಮುರ್ಕೊಳ್ತೀನಿ."

ಅವನು ನಗಲು ಹೋದ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ, ಹೆಗಲಿನ ಸುತ್ತಿಗೆ ತಾನೇ ಕೆಳಗೆ ಜಾರಿತು. ಅಂದಿನಿಂದ ಅವನು ಕ್ವಾರಿಗೆ ಇಳಿಯಲಿಲ್ಲ.

ಕ್ವಾರಿ ಸುಮ್ಮನಿರುತ್ತದೆಯೇ? ದಾರಿಯಲ್ಲಿ ಹೋಗುವವರು ಬಾಗಿಲಿಗೆ ಬಾಯಿಟ್ಟು, "ಏನಪ್ಪ, ಸಾಹುಕಾರ್ತಿ ರಜ ಕೊಟ್ಟಿದ್ದಾಳಾ?" ಎನ್ನುವರು. ಇವನು ಒಳಗಿಂದಲೇ, "ಓವರ್‌ಟೈಮ್ ನಡೀತಿದೆ, ಹೋಗ್ರೋ" ಎನ್ನುವನು. ಅವಳನ್ನೂ ಬಿಡಲಿಲ್ಲ. ಅವಳು ಬಕೆಟ್ಟಿನಿಂದ ಕಲ್ಲಿಗೆ ನೀರು ಚಿಮುಕಿಸಿ ಒಡೆಯತೊಡಗಿದಳು. ಒದ್ದೆ ಕಲ್ಲು ಜಾರುತ್ತದೆ, ಸುತ್ತಿಗೆ ತಪ್ಪುತ್ತದೆ, ದಿನಕ್ಕೆ ಬೀಳುವ ಬುಟ್ಟಿ ಕಡಿಮೆಯಾಗುತ್ತದೆ. ಬುಟ್ಟಿಯ ಲೆಕ್ಕದಲ್ಲಿ ಬದುಕುವವರು ಯಾರೂ ಆ ಕೆಲಸ ಮಾಡುವುದಿಲ್ಲ. "ಎಣ್ಣೇನೂ ಹಚ್ಚಿ ಸ್ನಾನ ಮಾಡಿಸು, ಪಾಪ, ಕಲ್ಲಿಗೆ ಮೈನೋವು" ಎಂದು ಪಕ್ಕದವಳು ಹಂಗಿಸಿದಳು. ಕಡಿಮೆಯಾದ ಬುಟ್ಟಿಯ ಜಾಗವನ್ನು ತಿಂಗಳ ದುಡ್ಡು ತುಂಬುತ್ತಿತ್ತು. ನಿಧಾನವಾಗಿ ದುಡಿಯುವುದು ಅಲ್ಲಿಯವರೆಗೆ ಶ್ರೀಮಂತರ ಸ್ವತ್ತಾಗಿತ್ತು. ಹಂಗಿಸಿದವಳೇ ಮುಂದಿನ ಬೇಸಿಗೆಗೆ ಬಕೆಟ್ಟು ತಂದಿಟ್ಟುಕೊಂಡಳು. ಅವಳ ಹೆಸರಿಗೂ ದುಡ್ಡು ಬರುತ್ತಿತ್ತಲ್ಲ.

ಮನೆಯಲ್ಲಿ ಕೂತವನು ಮೊದಲಿಗೆ ಬೋನಿನ ಇಲಿಯ ಹಾಗೆ ಒದ್ದಾಡಿದ. ಆಮೇಲೆ ಅಡುಗೆ ಕಲಿತ. ಸಾರಿಗೆ ಎರಡು ಸಲ ಉಪ್ಪು ಹಾಕಿ ಅಮ್ಮನ ಮೇಲೆ ಹೊರಿಸುತ್ತಿದ್ದ. ಮಗಳ ಜಡೆ ಹೆಣೆಯಲು ಕಲಿತ. ಬಂಡೆಗೆ ಬೆಣೆ ಇಳಿಸಿದ ಕೈ, ಜಡೆಯನ್ನೂ ಹಾಗೇ ಬಿಗಿಯುತ್ತಿತ್ತು. "ಕಣ್ಣು ಮೇಲಕ್ಕೆ ಹೋಯ್ತಪ್ಪಾ" ಅಂತ ಅವಳು ಕಿರುಚಿದರೂ ಶಾಲೆಗೆ ಹೋಗುವ ಮೊದಲು ತಲೆ ಕೊಡುತ್ತಿದ್ದುದು ಅವನಿಗೇ. ಹಗಲು ಹೊತ್ತಿನಲ್ಲಿ ಧೂಳಿಲ್ಲದ ತನ್ನ ಮಗಳ ಮುಖ ಹೇಗಿರುತ್ತದೆ ಎಂದು ತನಗೆ ಗೊತ್ತೇ ಇರಲಿಲ್ಲ ಎಂದು ನನ್ನ ಹತ್ತಿರ ಒಂದು ದಿನ ಹೇಳಿದ.

ಚಳಿ ಬಂದ ಮೇಲೆ ಮಲಗಲಾಗದೆ ಹೋದ. ಮಲಗಿದರೆ ಎದೆಯ ಮೇಲೆ ಬಂಡೆಯೇ ಕೂತ ಹಾಗೆ. ಕೂತೇ ನಿದ್ದೆ ಮಾಡಬೇಕು, ಗೋಡೆಗೆ ಒರಗಿದರೆ ಕಲ್ಲು ಚುಚ್ಚುತ್ತದೆ. ಗಟ್ಟಿಗಿತ್ತಿ ಕೆಲಸ ಬಿಟ್ಟು ಅವನ ಬೆನ್ನಿಗೆ ಬೆನ್ನು ಕೊಟ್ಟು ಕೂತಳು. ರಾತ್ರಿಯಿಡೀ, ಬೆಳಗಾದ ಮೇಲೂ ಹಾಗೇ ಕೂರುವಳು. ಅವನ ಉಸಿರು ಅವಳ ಬೆನ್ನಿಗೆ ತಿಳಿಯುತ್ತಿತ್ತು. ನೆಂಟರಂತೆ ಒಮ್ಮೊಮ್ಮೆ ತಡವಾಗಿ ಬರುತ್ತಿತ್ತು, ಬಂದೇ ಬರುತ್ತಿತ್ತು. ಮಗಳನ್ನು ಶಾಲೆಗೆ ಕಳಿಸಿದ ಒಂದು ಬೆಳಿಗ್ಗೆ ಆ ಉಸಿರು ಬರಲಿಲ್ಲ. ಅವಳು ತಿರುಗಿ ನೋಡಲಿಲ್ಲ. ತಿರುಗಿದರೆ ಅವನು ಬೀಳುತ್ತಾನೆ. ಅತ್ತೆ ನೀರಿನ ಕೊಡ ಹೊತ್ತು ಒಳಗೆ ಬರುವವರೆಗೂ ಹಾಗೇ ಬೆನ್ನು ಕೊಟ್ಟು ಕೂತಿದ್ದಳು.

ದುಡ್ಡು ಅವನನ್ನು ಉಳಿಸಲಿಲ್ಲ. ಇದನ್ನು ನೇರವಾಗಿ ಹೇಳಬೇಕು, ಯಾಕೆಂದರೆ ವೇದಿಕೆ ಹತ್ತಿದವರು ಬೇರೆ ಥರ ಹೇಳುತ್ತಾರೆ. ಹತ್ತು ವರ್ಷ ಮೊದಲು ಬಂದಿದ್ದರೆ ಉಳಿಸುತ್ತಿತ್ತೋ ಏನೋ.

ಮಣ್ಣು ಮಾಡಿ ಬಂದ ಮರುದಿನ ಸಾಲಿನವರೆಲ್ಲ ಕೆಲಸಕ್ಕೆ ಹೋದರು. ಕ್ವಾರಿಯಲ್ಲಿ ಸಾವಿಗೆ ಒಂದು ದಿನ, ಅದೂ ಕೂಲಿಯಿಲ್ಲದ ದಿನ. ಗಟ್ಟಿಗಿತ್ತಿ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಮೂಲೆಯಲ್ಲಿ ಕೂತು ಅಳುತ್ತಿದ್ದಳು, ನಿಲ್ಲಿಸುತ್ತಿದ್ದಳು, ಮತ್ತೆ ಅಳುತ್ತಿದ್ದಳು. ತಿಂಗಳ ದುಡ್ಡು ಬಂದಿತ್ತು, ಮಗಳು ಒಲೆ ಹಚ್ಚುತ್ತಿದ್ದಳು. ಅಷ್ಟು ದಿನ ಯಾರಾದರೂ ಅತ್ತದ್ದನ್ನು ಕಂಡು ಗೊತ್ತಿಲ್ಲದ ಸಾಲುಮನೆಯ ಹೆಂಗಸರು ಬಂದು ಸುಮ್ಮನೆ ನೋಡಿ ಹೋಗುತ್ತಿದ್ದರು.

ಒಂದು ದಿನ ನಾನು ಅಲ್ಲಿದ್ದಾಗಲೇ ಮೇಸ್ತ್ರಿ ಬಂದ. ಹೊಸ್ತಿಲಾಚೆ ನಿಂತು, "ಜಲ್ಲಿ ಲಾರಿ ಬಂದು ನಿಂತಿದೆ. ಇನ್ನೂ ಎಷ್ಟು ದಿನ ಅಜ್ಜಿ?" ಅಂದ.

"ಅವಳು ಬರಲ್ಲ. ಅತ್ತು ಮುಗಿದಿಲ್ಲ" ಅಂದಳು ಮುದುಕಿ.

"ಅಳೋದಕ್ಕೂ ಒಂದು ಅಳತೆ ಬೇಡ್ವಾ?"

"ಅಳತೆ ನನಗಿತ್ತಲ್ಲಪ್ಪ. ಗಂಡನ್ನ ಮಣ್ಣು ಮಾಡಿ ಮಧ್ಯಾಹ್ನಕ್ಕೆ ಬುಟ್ಟಿ ತುಂಬ್ಕೊಂಡು ಬಂದಿದ್ದೆ. ಆಗ ಅಳೀತಿದ್ದವನು ನಿಮ್ಮಪ್ಪ. ಒಂದು ಬೊಗಸೆ ಕಡಿಮೆ ಅಂದ. ಮತ್ತೆ ಹೋಗಿ ತಂದು ಹಾಕಿದೆ."

ಇಷ್ಟು ಹೇಳಿ ಮುದುಕಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. ಮೊದಲು ದನಿಯಿಲ್ಲದೆ, ಆಮೇಲೆ ಎಳೆಗೂಸಿನ ಹಾಗೆ ಬಾಯಿಬಿಟ್ಟು ಅತ್ತಳು. ಮಗನಿಗೆಂದು ಅಳುತ್ತಿದ್ದಾಳೆ ಎಂದುಕೊಂಡೆ. ಅವಳ ಬಾಯಲ್ಲಿ ಬರುತ್ತಿದ್ದುದು ಗಂಡನ ಹೆಸರು. ಕಟ್ಟಿಕೊಂಡ ದಿನದಿಂದ ಒಮ್ಮೆಯೂ ಬಾಯಿಬಿಟ್ಟು ಕರೆಯದ ಹೆಸರು.

ಮೇಸ್ತ್ರಿ ಹೊರಟುಹೋದ. ಕೆಳಗೆ ಲಾರಿ ಹಾರ್ನ್ ಹೊಡೆಯುತ್ತಲೇ ಇತ್ತು. ಸೊಸೆ ಮೂಲೆಯಿಂದ ಎದ್ದು ಬಂದು ಮುದುಕಿಯ ಪಕ್ಕ ಕೂತಳು, ಸೆರಗಿನಿಂದ ಅವಳ ಮುಖ ಒರೆಸಿದಳು.

"ಅತ್ಕೊಳ್ಳಿ ಅತ್ತೆ" ಅಂದಳು. "ಇವತ್ತು ನಾವು ಎಲ್ಲಿಗೂ ಹೋಗಬೇಕಾಗಿಲ್ಲ."