ಒಂದು ಸೀರೆಯ ಹಸಿರು

ಈ ಘಟನೆಯ ಕೆಲವು ವಿವರಗಳು ನನ್ನ ನೆನಪಿನಲ್ಲಿ ಅದಲುಬದಲಾಗಿರಬಹುದು. ಶಾಂತಮ್ಮ ಬಂದದ್ದು ಬೇಸಿಗೆಯಲ್ಲೋ, ಅದಕ್ಕೂ ಮುಂಚೆಯೋ ಖಚಿತವಿಲ್ಲ. ಎಂ.ಎ. ಮುಗಿಸಿ ವಾಡಿಯಲ್ಲಿ ನಾನು ಫೋಟೊ ಸ್ಟುಡಿಯೊ ತೆರೆದು ಆರೇಳು ವರ್ಷವಾಗಿತ್ತು. 'ಸೆಲೆಕ್ಟಿವ್ ಕಲರ್' ಆಗ ಎಲ್ಲರೂ ಕೇಳುತ್ತಿದ್ದ ಕೆಲಸ: ಚಿತ್ರವನ್ನೆಲ್ಲ ಕಪ್ಪು-ಬಿಳುಪು ಮಾಡಿ ಒಂದೇ ಬಣ್ಣವನ್ನು ಉಳಿಸುವುದು. ಮದುಮಗಳ ಕೆಂಪು ಸೀರೆ, ಮಗುವಿನ ಹಳದಿ ಕುಲಾವಿ, ಹೀಗೆ.

ಸುಲೇಪೇಟದಿಂದ ಬಂದ ಶಾಂತಮ್ಮ ಮೊಬೈಲಿನಲ್ಲಿ ತೋರಿಸಿದ್ದು ಮಗಳು ರೇಣುಕಾಳ ಕುಬಸದ ಚಿತ್ರ. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸುವ ಶಾಸ್ತ್ರ ಅದು. ಮಗಳನ್ನು ಕೊಟ್ಟದ್ದು ವಾಡಿಗೆ. ಹೆರಿಗೆಯಲ್ಲಿ ರೇಣುಕಾ ತೀರಿಕೊಂಡಿದ್ದಳು, ಕೂಸು ಉಳಿದಿತ್ತು. ಕೂಸಿನ ಮೊದಲ ಹುಟ್ಟುಹಬ್ಬಕ್ಕೆ ಬೀಗರ ಮನೆಗೆ ದೊಡ್ಡ ಫೋಟೊ ಕೊಡಬೇಕಿತ್ತು.

"ಅಕಿ ಸೀರಿ ಒಂದ ಹಸ್ರ ಇರ್ಲಿ ಯವ್ವಾ. ಉಳದದ್ದೆಲ್ಲಾ ಬಣ್ಣ ತಗಿ. ಒಂದೂ ಬಿಡಬ್ಯಾಡ."

ಸಾಫ್ಟ್‌ವೇರಿಗೆ ಸೀರೆ ಯಾವುದು, ಬಳೆ ಯಾವುದು ತಿಳಿಯದು. ತೋರಿಸಿದ ಬಣ್ಣ ಎಲ್ಲೆಲ್ಲಿದೆಯೋ ಅಷ್ಟನ್ನೂ ಹಿಡಿಯುತ್ತದೆ. ಸೀರೆಯ ಮೇಲೆ ಕ್ಲಿಕ್ ಮಾಡಿ ಉಳಿದ ಬಣ್ಣ ಇಳಿಸಿದಾಗ ಸುತ್ತ ನಿಂತ ಮುತ್ತೈದೆಯರ ಬಳೆಗಳೂ ಹಸಿರಾಗಿಯೇ ಉಳಿದವು. ಒಂದೊಂದೇ ಕೈಯನ್ನು ಬ್ರಷ್‌ನಿಂದ ಬೂದು ಮಾಡತೊಡಗಿದೆ.

"ಇಕಿ ನಮ್ಮ ಬೀಗತಿ. ಇಕಿದು ಮೊದಲ ತಗಿ," ಎಂದು ಶಾಂತಮ್ಮ ನಕ್ಕರು. "ತಗದ ಮ್ಯಾಲೂ ಮಾರಿ ಹಂಗs ಅದ ನೋಡು."

ಕೊನೆಗೊಂದು ಕೈ ಉಳಿಯಿತು. ಬಾಗಿಲ ಪರದೆಯ ಸಂದಿನಿಂದ ಹೊರಬಂದು ರೇಣುಕಾಳ ಹೆಗಲ ಹತ್ತಿರ ನಿಂತ ಕೈ. ಎರಡೇ ಬಳೆ. ಮುಖವಿಲ್ಲ. ಅಷ್ಟು ಬಣ್ಣಗಳ ನಡುವೆ ಅದು ಕಂಡೇ ಇರಲಿಲ್ಲ. ಈಗ ಸೀರೆ ಬಿಟ್ಟರೆ ಅದೇ ಕಣ್ಣಿಗೆ ಹೊಡೆಯುತ್ತಿತ್ತು.

"ಇದು ಯಾರ ಕೈರಿ ಅಮ್ಮಾ?"

ಶಾಂತಮ್ಮ ತಮ್ಮ ಬರಿಗೈಗಳನ್ನು ಸೆರಗಿನೊಳಗೆ ಎಳೆದುಕೊಂಡರು.

"ಗಂಡ ಇಲ್ಲದಾಕಿ ಬರಬಾರ್ದಂತ ನನ್ನ ಒಳಗ ಕೂಡ್ಸಿದ್ರು. ರೇಣುಕಾನೇ ಒಳಗ ಬಂದು ನನ್ನ ಕೈಗೆ ಎರಡು ಬಳಿ ಏರ್ಸಿದ್ಳು. ಯಾರೂ ನೋಡಂಗಿಲ್ಲ ಅವ್ವಾ ಅಂದ್ಳು. ಬೀಗತಿ ಕಂಡ್ರ, ಇದಕ್ಕ ಸತ್ಳು ಅಂತಾಳ. ಕೂಸಿನ ಎತ್ಕೊಳ್ಳಾಕ ಕೊಡಂಗಿಲ್ಲ. ನನಗೂ ಒಮ್ಮೊಮ್ಮೆ ಹಂಗs ಅನಸ್ತದ."

ಎಲ್ಲ ಬಣ್ಣ ಹೋದರೆ ಈ ಬಳೆಗಳ ಬಣ್ಣವೂ ಸದ್ದಿಲ್ಲದೆ ಹೋಗುತ್ತದೆಂದು ನಂಬಿ ಆಕೆ ಬಂದಿದ್ದರು. ನನ್ನ ಕ್ಲಿಕ್ಕು ಅದನ್ನೇ ಎತ್ತಿ ತೋರಿಸಿತ್ತು.

"ಕೈನs ತಗದುಬಿಡ್ಲೇನ್ರಿ? ಬರೇ ಪರದೆ ಕಾಣಂಗ ಮಾಡ್ತೀನಿ."

"ಬ್ಯಾಡ. ಕೈ ಇರ್ಲಿ, ಅಕಿ ಹಿಂದ. ಬಣ್ಣ ಅಷ್ಟ ತಗಿ."

ತೆಗೆದೆ. ಬೂದು ಕೈ ಬೂದು ಪರದೆಯಲ್ಲಿ ಕರಗಿತು. ಫೋಟೊ ಬೀಗರ ಗೋಡೆಗೆ ಹೋಯಿತು. ಆ ಎರಡು ಬಳೆಗಳು ಮಾತ್ರ ಈಗಲೂ ಯಾರ ಕುಬಸದ ಚಿತ್ರ ತೆರೆದರೂ ಬಾಗಿಲ ಕಡೆ ನನ್ನ ಕಣ್ಣನ್ನು ಎಳೆಯುತ್ತವೆ. ಬಣ್ಣ ಎದ್ದು ಕಾಣುವ ಕಡೆಗಿಂತ ಅದನ್ನು ತೆಗೆದ ಕಡೆ ಮೊದಲು ನೋಡಬೇಕೆಂದು ಈ ಕೆಲಸ ನನಗೆ ಕಲಿಸಿತು.

ಹಾಗೆ ನೋಡುತ್ತ ಒಂದು ದಿನ ನನ್ನದೇ ಕುಬಸದ ಆಲ್ಬಂ ತೆರೆದೆ. ಅಪ್ಪ ಅಷ್ಟರಲ್ಲಾಗಲೇ ತೀರಿಕೊಂಡಿದ್ದ. ಅವ್ವ ಪಕ್ಕದಲ್ಲಿ ಕುಳಿತು ನನಗೆ ಬಳೆ ತೊಡಿಸಿದ್ದು ಸ್ಪಷ್ಟವಾಗಿ ನೆನಪಿದೆ. ಒಂದು ಫೋಟೊದಲ್ಲೂ ಅವಳಿಲ್ಲ.

ರೊಟ್ಟಿಗೆ ಹಿಟ್ಟು ನಾದುತ್ತಿದ್ದ ಅವ್ವನನ್ನು ಅಂದೇ ಕೇಳಿದೆ. ಅವಳು ಹಿಟ್ಟಿಗೆ ಇನ್ನಷ್ಟು ನೀರು ಹಾಕಿದಳು.

"ಅವ್ವಾ, ಅವತ್ತ ನೀ ಎಲ್ಲಿದ್ದಿ?"