ಕೊಡಿಗೇನಹಳ್ಳಿಯಲ್ಲಿ ಸಾರಿನ ವಿಚಾರಣೆ

ಬಾಡಿಗೆ ಮನೆಯ ಬೀಗ ತೆಗೆದು ಗಂಟುಮೂಟೆ ಇನ್ನೂ ಒಳಗಿಟ್ಟಿರಲಿಲ್ಲ, ಎದುರು ಮನೆಯ ಕೆಂಪಮ್ಮ ಜಗಲಿಯಿಂದಲೇ ಕೂಗಿದರು: "ಏನವ್ವಾ, ಏನ್ ಸಾರು ಇವತ್ತು?" ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಅಬ್ಬಬ್ಬಾ! ನಮ್ಮ ಕುಮಟಾ ಕಡೆ ಹೊಸಬರಿಗೆ ಬೆಲ್ಲ ನೀರು ಕೊಟ್ಟು ಕೂರಿಸುತ್ತೇವೆಯೇ ಹೊರತು ಅವರ ಪಾತ್ರೆಯ ಮುಚ್ಚಳ ತೆಗೆದು ನೋಡುವುದಿಲ್ಲ. ಇಲ್ಲಿ ಸಂಜೆಯೊಳಗೆ ನಾನು ಬರೀ ಬ್ರೆಡ್ಡು ತಿಂದ ಸುದ್ದಿ ಬೀದಿಗೆಲ್ಲ ಗೊತ್ತಾಗಿತ್ತು. ಮೈಯೆಲ್ಲ ಉರಿದುಹೋಯಿತು.

ನಾನು ಬಂದದ್ದು ಆಪ್ತ ಸಮಾಲೋಚಕಿಯ ಕೆಲಸಕ್ಕೆ. ಖಿನ್ನತೆಯಲ್ಲಿ ನರಳುವ ಕೂಲಿಕಾರ ತಂದೆತಾಯಂದಿರನ್ನು ಹುಡುಕಿ, ಮಧುಗಿರಿಯ ಸರ್ಕಾರಿ ಆಸ್ಪತ್ರೆಗೆ ವಾರಕ್ಕೊಮ್ಮೆ ಬರುವ ಮನೋವೈದ್ಯರಿಗೆ ತೋರಿಸಬೇಕು. "ಮನಸ್ಸಿಗೆ ಬೇಸರ ಇದೆಯಾ?" ಎಂದು ಮನೆಮನೆಯಲ್ಲೂ ಕೇಳಿದೆ. ಎಲ್ಲರದ್ದೂ ಒಂದೇ ಉತ್ತರ: "ಏನಿಲ್ಲ ಕಣಮ್ಮ, ಚೆಂದಾಗಿವ್ನಿ." ಗಂಟಲಲ್ಲಿ ಮುದ್ದೆ ಇಳಿಯುತ್ತಿರಲಿಲ್ಲ, ಕೆಲಸವೂ ಸಾಗುತ್ತಿರಲಿಲ್ಲ. ಸಮುದ್ರದ ಗಾಳಿ ನೆನೆದು ಅತ್ತದ್ದೂ ಉಂಟು.

ಒಂದು ದಿನ ಬೇರೆ ಮಾತು ಸಿಗದೆ ಕೆಂಪಮ್ಮನ ಸೊಸೆಗೆ ನಾನೇ ಕೇಳಿಬಿಟ್ಟೆ: "ಏನ್ ಸಾರು ಮಂಜುಳಾ?"

"ಗೊತ್ತಿಲ್ಲ ಅಕ್ಕ. ಒಲೆ ತಾವ್ಕೇ ಹೋಗಿಲ್ಲ."

ಒಳಗಿನಿಂದ ಕೆಂಪಮ್ಮ ಗುಡುಗಿದರು: "ಸೋಮಾರಿ! ಮಗ ಹುಟ್ಟಿದ್ಮ್ಯಾಕೆ ಇಂಗೇ ಬಿದ್ಕಂಡವ್ಳೆ. ಮೊದ್ಲು ಇವ್ಳು ಬಸ್ಸಾರು ಮಾಡುದ್ರೆ ಬೀದಿ ಜನ ಬಟ್ಲು ಹಿಡ್ಕಂಡು ಬತ್ತಿದ್ರು..." ಬಸ್ಸಾರು ಎಂದರೆ ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿನ ಸಾರು. ಅದರ ಹೆಸರೆತ್ತಿದ ಕೂಡಲೇ ಕೆಂಪಮ್ಮ ಮಾತು ಅಲ್ಲಿಗೇ ಬಿಟ್ಟು ಹೊರಗೆ ಬಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಬೈಗುಳದೊಳಗೆ ಇದ್ದದ್ದು ಸಂಕಟ ಎಂದು ನನಗೆ ಆಗಲೇ ತಿಳಿದದ್ದು.

ಮಂಜುಳಾ ಮೆಲ್ಲಗೆ ಹೇಳಿದಳು: "ಮಗೀನ ಮಕ ನೋಡುದ್ರೂ ಏನೂ ಅನ್ಸಲ್ಲ ಅಕ್ಕ. ಯಾರಿಗಾರ ಕೊಟ್ಬುಟ್ಟು ಎತ್ಲಾಗಾರ ಹೋಗ್ಬುಡೋವಾ ಅನ್ಸುತ್ತೆ."

ಇದು ಸೋಮಾರಿತನವಲ್ಲ, ಕಾಯಿಲೆ, ಔಷಧಿ ಇದೆ ಎಂದು ಅತ್ತೆ ಸೊಸೆ ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ. ಮಂಜುಳಾ ಒಪ್ಪಲಿಲ್ಲ. "ಬಸ್ನಾಗೆ ಎಲ್ಗೆ ಅಂತ ಕೇಳ್ತಾರೆ. ಹುಚ್ಚಿ ಅಂದ್ಬುಡ್ತಾರೆ." ನಿಜವೇ. ಕುಮಟಾದ ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತ ಕುಳಿತರೆ ಮುಗಿಯಿತು, ಇಲ್ಲಿನವರು ಬಿಟ್ಟಾರೆಯೇ?

ಕೊನೆಗೆ ಕೆಂಪಮ್ಮನೇ ಮೊಮ್ಮಗನನ್ನು ಸೊಂಟಕ್ಕೇರಿಸಿಕೊಂಡು ಸೊಸೆಯನ್ನು ಹೊರಡಿಸಿದರು. ನಾವು ಬಸ್ಸಿನಲ್ಲಿ ಕೂರುವಷ್ಟರಲ್ಲೇ ಹಿಂದಿನ ಸೀಟಿನಾಕೆ ಕೇಳಿದಳು, "ಎತ್ಲಾಗೆ ಸವಾರಿ?" ಮಂಜುಳಾ ಸೆರಗನ್ನು ಬಿಗಿಯಾಗಿ ಹಿಡಿದಳು. ಕೆಂಪಮ್ಮ ಇಡೀ ಬಸ್ಸಿಗೆ ಕೇಳುವಂತೆ ಹೇಳಿದರು: "ನನ್ ಸೊಸೆ ಮನ್ಸು ಸೊರಗೈತೆ, ಡಾಕ್ಟ್ರಿಗೆ ತೋರ್ಸಕ್ಕೆ. ಮಂಡಿನೋವಿಗೆ ನೀನು ಹೋಗಲ್ವಾ? ಅಂಗೇ ಇದೂ!"

ಸ್ವಲ್ಪ ಹೊತ್ತಿಗೆ ಹಿಂದಿನಾಕೆ ಮುಂದೆ ಬಾಗಿ ಪಿಸುಗುಟ್ಟಿದಳು: "ಆ ಡಾಕ್ಟ್ರು ಯಾವ ವಾರ ಕುಂತಿರ್ತಾರವ್ವಾ? ನಮ್ ಯಜಮಾನ್ರೂ ಮಾತು ಬುಟ್ಟವ್ರೆ." ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಡಾಕ್ಟರು ಕೊಟ್ಟ ಮಾತ್ರೆ ಮಂಜುಳಾಗೆ ಹಿಡಿಯಲು ವಾರಗಳೇ ಬೇಕಾದವು. ನಡುವೆ ಒಮ್ಮೆ ನಿಲ್ಲಿಸಿಬಿಟ್ಟಿದ್ದಳು. ನಾನೂ ಕೆಂಪಮ್ಮನೂ ಹಿಂದೆ ಬಿದ್ದು ಮತ್ತೆ ಶುರು ಮಾಡಿಸಿದೆವು.

ಮೊನ್ನೆ ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿ ಜಗಲಿಯಲ್ಲಿ ಸುಮ್ಮನೆ ಕುಳಿತಿದ್ದೆ. ಮಂಜುಳಾ ಬಂದು ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿ ಮುಖ ದಿಟ್ಟಿಸಿದಳು. "ಯಾಕಕ್ಕ, ಮಕ ಸಪ್ಪಗೈತೆ? ಊರು ನೆಪ್ಪಾಯ್ತಾ?"

ಸದ್ಯ, ಇನ್ನೊಬ್ಬರ ಮುಖ ನೋಡಿ ಕೇಳುವಷ್ಟು ಗುಣವಾಗಿದ್ದಳು! "ಹ್ಞೂಂ ಕಣೇ," ಎಂದೆ. "ಇಲ್ಲಿದ್ದರೆ ಅಮ್ಮನ ನೆನಪು, ಅಲ್ಲಿಗೆ ಹೋದರೆ ಈ ಬೀದಿಯದ್ದು."

"ಹೋಗ್ಬುಟ್ಟು ಬನ್ನಿ ಅಕ್ಕ," ಎಂದಳು ಮಂಜುಳಾ. "ನಾನೂ ನನ್ ಮಗಾನೂ ದಾರಿ ಕಾಯ್ತಿರ್ತೀವಿ."